ಮತ್ತೆ ಮತ್ತೆ ಹರಳು, ಸವೆಯುವ ಮೂಳೆ: ಕತ್ತಿನ ಪುಟ್ಟ ಗ್ರಂಥಿಯತ್ತಲೂ ಗಮನವಿರಲಿ

ಚಿಕ್ಕೋಡಿ: ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಹರಿಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜನರಿಗೆ ಮೂತ್ರಪಿಂಡದ ಹರಳು ಹೊಸ ಕಾಯಿಲೆಯಲ್ಲ. ಗಡಿಭಾಗದ ಮರಾಠಿಯಲ್ಲಿ ಇದಕ್ಕೆ ‘ಮುತಖಡಾ’ ಎಂದು ಹೆಸರು. ಕೊಳವೆಬಾವಿಯ ಗಡಸು ನೀರು, ಬಿಸಿಲು, ಹೊಲದ ಕೆಲಸದ ನಡುವೆ ಸಾಕಷ್ಟು ನೀರು ಕುಡಿಯದಿರುವುದು ಎಂದು ಕಾರಣಗಳನ್ನು ಊಹಿಸಲಾಗುತ್ತದೆ. ಹರಳು ತೆಗೆಸಿಕೊಂಡರೆ ಕಾಯಿಲೆ ಮುಗಿಯಿತೆಂಬ ನಂಬಿಕೆಯೂ ಸಾಮಾನ್ಯ. ಆದರೆ ತೆಗೆಸಿದ ಹರಳು ಪದೇ ಪದೇ ಮರಳಿ ಬರುತ್ತಿದ್ದರೆ, ಜೊತೆಗೆ ಮೂಳೆ ನೋವು, ನಿಶ್ಶಕ್ತಿ ಕಾಡುತ್ತಿದ್ದರೆ ದೋಷ ನೀರಿನಲ್ಲಾಗಲಿ ಮೂತ್ರಪಿಂಡದಲ್ಲಾಗಲಿ ಇರದೆ ಕುತ್ತಿಗೆಯಲ್ಲಿರುವ ಸಾಧ್ಯತೆಯೂ ಉಂಟು. ಅದನ್ನು ಪತ್ತೆ ಹಚ್ಚುವ ಮೊದಲ ಹೆಜ್ಜೆ ಒಂದು ಸರಳ ರಕ್ತಪರೀಕ್ಷೆ.

ಕಾಳಿನಷ್ಟು ಗ್ರಂಥಿ, ದೊಡ್ಡ ಹೊಣೆ

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿಯ ಹಿಂಬದಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಒಂದೊಂದೂ ಅಕ್ಕಿಕಾಳಿನಷ್ಟು, ತೂಕ ಸುಮಾರು 30ರಿಂದ 50 ಮಿಲಿಗ್ರಾಂ. ಹೆಸರಿನಲ್ಲಿ ಹೋಲಿಕೆಯಿದ್ದರೂ ಥೈರಾಯ್ಡ್‌ಗೂ ಇವುಗಳಿಗೂ ಕೆಲಸದಲ್ಲಿ ಸಂಬಂಧವಿಲ್ಲ. ರಕ್ತದಲ್ಲಿನ ಕ್ಯಾಲ್ಸಿಯಂ ಪ್ರಮಾಣವನ್ನು ಕಾಯುವುದೇ ಇವುಗಳ ಕಾಯಕ.

ಕ್ಯಾಲ್ಸಿಯಂ ಕಡಿಮೆಯಾದೊಡನೆ ಈ ಗ್ರಂಥಿಗಳು ಪಿಟಿಎಚ್ ಎಂಬ ಹಾರ್ಮೋನನ್ನು ಹೆಚ್ಚು ಸ್ರವಿಸುತ್ತವೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸಿ ರಕ್ತಕ್ಕೆ ತರುತ್ತದೆ. ಮೂತ್ರದಲ್ಲಿ ಅದು ಪೋಲಾಗದಂತೆ ತಡೆಯುತ್ತದೆ. ವಿಟಮಿನ್ ‘ಡಿ’ಯನ್ನು ಸಕ್ರಿಯಗೊಳಿಸಿ ಕರುಳು ಹೆಚ್ಚು ಕ್ಯಾಲ್ಸಿಯಂ ಹೀರುವಂತೆ ಮಾಡುತ್ತದೆ. ಪ್ರಮಾಣ ಏರಿದಾಗ ಹಾರ್ಮೋನ್ ತಾನಾಗಿಯೇ ಇಳಿಯಬೇಕು. ಗ್ರಂಥಿಯೊಂದರಲ್ಲಿ ಗಡ್ಡೆ ಬೆಳೆದಾಗ ಈ ಹತೋಟಿ ತಪ್ಪುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೂ ಹಾರ್ಮೋನ್ ಸುರಿಯುತ್ತಲೇ ಇರುತ್ತದೆ. ಇದಕ್ಕೆ ‘ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ’ ಎಂದು ಹೆಸರು.

ಗಡ್ಡೆ ಎಂದೊಡನೆ ಕ್ಯಾನ್ಸರ್ ಎಂದು ಹೆದರಬೇಕಿಲ್ಲ. ನೂರರಲ್ಲಿ 80ಕ್ಕೂ ಹೆಚ್ಚು ರೋಗಿಗಳಲ್ಲಿ ಒಂದೇ ಗ್ರಂಥಿಯಲ್ಲಿ ನಿರಪಾಯಕಾರಿ ಗಡ್ಡೆಯಿರುತ್ತದೆ. ಉಳಿದವರಲ್ಲಿ ಒಂದಕ್ಕಿಂತ ಹೆಚ್ಚು ಗ್ರಂಥಿಗಳು ಊದಿರುತ್ತವೆ. ಕ್ಯಾನ್ಸರ್ ಇರುವುದು ಅತಿ ವಿರಳ. ಈ ಗಡ್ಡೆ ಸಾಮಾನ್ಯವಾಗಿ ಕೈಗೆ ತಾಗುವಷ್ಟು ದೊಡ್ಡದಲ್ಲ. ನುಂಗಲು ತೊಂದರೆ ಕೊಡುವುದಿಲ್ಲ, ನೋಯುವುದೂ ಇಲ್ಲ. ಆದ್ದರಿಂದಲೇ ಯಾರ ಗಮನವೂ ಕುತ್ತಿಗೆಯತ್ತ ಹೋಗುವುದಿಲ್ಲ.

ಒಂದೇ ರೋಗ, ಹಲವು ಬಾಗಿಲು

ಈ ರೋಗದ ಲಕ್ಷಣಗಳು ದೇಹದಲ್ಲೆಲ್ಲ ಚದುರಿರುತ್ತವೆ: ಮೂತ್ರಪಿಂಡದ ಹರಳು, ಸೊಂಟ ಮತ್ತು ಕಾಲಿನ ಮೂಳೆಗಳ ನೋವು, ಸಣ್ಣ ಪೆಟ್ಟಿಗೂ ಮೂಳೆ ಮುರಿತ, ತೊಡೆಯ ಸ್ನಾಯುಗಳ ನಿಶ್ಶಕ್ತಿ, ಮಲಬದ್ಧತೆ, ಹಸಿವಿಲ್ಲದಿರುವುದು, ಅತಿಯಾದ ಬಾಯಾರಿಕೆ ಮತ್ತು ಮೂತ್ರ, ಮರೆವು, ಖಿನ್ನತೆ. ಕೆಲವರಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತವೂ ಕಾಣಿಸಿಕೊಳ್ಳುತ್ತದೆ.

ಗಡಿಭಾಗದಲ್ಲಿ ಈ ಚದುರುವಿಕೆ ಇನ್ನಷ್ಟು ತೊಡಕಾಗುತ್ತದೆ. ಕಾಗವಾಡ, ಅಥಣಿಯವರಿಗೆ ಮಿರಜ್, ಸಾಂಗ್ಲಿ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ, ಚಿಕ್ಕೋಡಿ, ರಾಯಬಾಗದವರು ಬೆಳಗಾವಿಗೂ ಹೋಗುತ್ತಾರೆ. ಹರಳಿಗೆ ಒಂದೂರಿನ ವೈದ್ಯರು, ಮೂಳೆಗೆ ಇನ್ನೊಂದೂರಿನವರು, ಹೊಟ್ಟೆನೋವಿಗೆ ಮತ್ತೊಬ್ಬರು ಎಂದಾದಾಗ ಪ್ರತಿಯೊಬ್ಬರ ಕೈಗೂ ಕಥೆಯ ಒಂದೊಂದು ತುಂಡು ಮಾತ್ರ ಸಿಗುತ್ತದೆ. ಎಲ್ಲ ವರದಿಗಳನ್ನೂ ಒಂದೇ ಕಡತದಲ್ಲಿ ಇಟ್ಟು ಪ್ರತಿ ಭೇಟಿಯಲ್ಲೂ ತೋರಿಸುವುದು ಇದಕ್ಕೆ ಸುಲಭ ಪರಿಹಾರ.

ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯ ರಕ್ತಪರೀಕ್ಷೆಯ ವೇಳೆ, ಲಕ್ಷಣಗಳಿಗೆ ಮುನ್ನವೇ, ಈ ರೋಗ ಪತ್ತೆಯಾಗುವುದು ಹೆಚ್ಚು. ಭಾರತದಲ್ಲಿ ಮೂಳೆ, ಮೂತ್ರಪಿಂಡಗಳಿಗೆ ಹಾನಿಯಾದ ಬಳಿಕ, ಅದೂ ಕಿರಿಯ ವಯಸ್ಸಿನಲ್ಲಿಯೇ, ಪತ್ತೆಯಾಗುವ ಪ್ರಕರಣಗಳು ಹೆಚ್ಚು. ಮಹಿಳೆಯರಲ್ಲಿ ಇದರ ಪ್ರಮಾಣ ಅಧಿಕ.

ಪರೀಕ್ಷೆಯ ಕ್ರಮ

ರಕ್ತದ ಕ್ಯಾಲ್ಸಿಯಂ ಸಾಮಾನ್ಯವಾಗಿ ಡೆಸಿಲೀಟರ್‌ಗೆ 8.5ರಿಂದ 10.5 ಮಿಲಿಗ್ರಾಂ ಇರಬೇಕು. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಈ ಮಿತಿ ತುಸು ಬದಲಾಗಬಹುದು. ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಿದ್ದರೆ ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುವುದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು. ತೋಳಿಗೆ ಪಟ್ಟಿಯನ್ನು ಬಹಳ ಹೊತ್ತು ಬಿಗಿದು ರಕ್ತ ತೆಗೆದರೆ ಪ್ರಮಾಣ ಹೆಚ್ಚಾಗಿ ತೋರಬಹುದು. ಹೀಗಾಗಿ ಒಮ್ಮೆ ಹೆಚ್ಚಾಗಿ ಬಂದರೆ ಮತ್ತೊಮ್ಮೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳುವುದು ವಾಡಿಕೆ.

ಕ್ಯಾಲ್ಸಿಯಂ ಏರಿರುವುದು ಖಚಿತವಾದರೆ ಮುಂದಿನದು ಪಿಟಿಎಚ್ ಪರೀಕ್ಷೆ. ರೋಗನಿರ್ಣಯದ ತಿರುಳು ಇಲ್ಲಿದೆ. ಕ್ಯಾನ್ಸರ್, ಕ್ಷಯ, ವಿಟಮಿನ್ ‘ಡಿ’ ಅತಿಸೇವನೆ ಮುಂತಾದ ಬೇರೆ ಕಾರಣಗಳಿಂದ ಕ್ಯಾಲ್ಸಿಯಂ ಏರಿದ್ದರೆ ಪಿಟಿಎಚ್ ತಗ್ಗಿರುತ್ತದೆ. ಕ್ಯಾಲ್ಸಿಯಂ ಜೊತೆಗೆ ಪಿಟಿಎಚ್ ಕೂಡ ಹೆಚ್ಚಿದ್ದರೆ, ಅಥವಾ ಇಳಿಯಬೇಕಾದಷ್ಟು ಇಳಿಯದೆ ಇದ್ದಲ್ಲಿಯೇ ನಿಂತಿದ್ದರೆ, ಸಂಶಯ ಪ್ಯಾರಾಥೈರಾಯ್ಡ್ ಮೇಲೆ ಬಲವಾಗುತ್ತದೆ. ಲಿಥಿಯಂ ಮಾತ್ರೆ, ರಕ್ತದೊತ್ತಡಕ್ಕೆ ಕೊಡುವ ಕೆಲವು ಮೂತ್ರವರ್ಧಕಗಳು ಹಾಗೂ ಶಸ್ತ್ರಚಿಕಿತ್ಸೆ ಬೇಡದ ಒಂದು ವಂಶಪಾರಂಪರ್ಯ ಸ್ಥಿತಿಯೂ ಇದೇ ಚಿತ್ರವನ್ನು ತೋರಬಲ್ಲವು. ಅವುಗಳನ್ನು ಬೇರ್ಪಡಿಸಲು 24 ಗಂಟೆಗಳ ಮೂತ್ರಪರೀಕ್ಷೆ ನೆರವಾಗುತ್ತದೆ.

ವಿಟಮಿನ್ ‘ಡಿ’ ಕೊರತೆ ನಮ್ಮಲ್ಲಿ ಸಾಮಾನ್ಯವಾಗಿದ್ದು, ಅದು ಕ್ಯಾಲ್ಸಿಯಂ ಏರಿಕೆಯನ್ನು ಮರೆಮಾಚಬಲ್ಲದು. ಮೂಳೆ ನೋವೆಂದೊಡನೆ ಪರೀಕ್ಷೆಯಿಲ್ಲದೆ ಕ್ಯಾಲ್ಸಿಯಂ ಮಾತ್ರೆ, ‘ಡಿ’ ಚುಚ್ಚುಮದ್ದು ತೆಗೆದುಕೊಳ್ಳುವುದು ಈ ರೋಗಿಗಳಿಗೆ ಅಪಾಯಕಾರಿ. ಕೊರತೆಯನ್ನು ತುಂಬಬೇಕು, ಆದರೆ ವೈದ್ಯರ ನಿಗಾದಲ್ಲಿ.

ಸ್ಕ್ಯಾನ್‌ನ ಪಾತ್ರ ಏನು?

ಕುತ್ತಿಗೆಯ ಅಲ್ಟ್ರಾಸೌಂಡ್ ಮತ್ತು ಸೆಸ್ಟಾಮಿಬಿ ಎಂಬ ವಿಕಿರಣ ಸ್ಕ್ಯಾನ್ ಗಡ್ಡೆಯ ಜಾಗವನ್ನು ತೋರಿಸುತ್ತವೆ. ಅವು ಶಸ್ತ್ರಚಿಕಿತ್ಸಕರಿಗೆ ದಾರಿ ತೋರುವ ನಕ್ಷೆಯೇ ಹೊರತು ರೋಗವಿದೆಯೇ ಇಲ್ಲವೇ ಎಂಬ ತೀರ್ಪಲ್ಲ. ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲವೆಂದು ರೋಗವಿಲ್ಲ ಎನ್ನುವಂತಿಲ್ಲ.

ಈ ಪಾಠಕ್ಕೆ ಇತಿಹಾಸವೂ ಸಾಕ್ಷಿ. ಈ ಗ್ರಂಥಿಯನ್ನು ಮೊದಲು ಗುರುತಿಸಿದ್ದು 1850ರ ಸುಮಾರಿಗೆ, ಲಂಡನ್ ಮೃಗಾಲಯದಲ್ಲಿ ಸತ್ತ ಭಾರತೀಯ ಘೇಂಡಾಮೃಗವೊಂದರಲ್ಲಿ. ಕಂಡವರು ರಿಚರ್ಡ್ ಓವೆನ್. ಮನುಷ್ಯರಲ್ಲಿ ಇದನ್ನು ವಿವರಿಸಿದವರು ಸ್ವೀಡನ್ನಿನ ಐವಾರ್ ಸ್ಯಾಂಡ್‌ಸ್ಟ್ರೋಮ್, 1880ರಲ್ಲಿ. ವಿಯೆನ್ನಾದ ಫೆಲಿಕ್ಸ್ ಮಾಂಡ್ಲ್ 1925ರಲ್ಲಿ ಟ್ರಾಮ್ ಕಂಡಕ್ಟರ್ ಒಬ್ಬನ ಗಡ್ಡೆ ತೆಗೆದು ಮೂಳೆರೋಗಕ್ಕೆ ಪರಿಹಾರ ತೋರಿಸಿದರು. ಅಮೆರಿಕದ ಹಡಗಿನ ಕಪ್ತಾನ ಚಾರ್ಲ್ಸ್ ಮಾರ್ಟೆಲ್‌ಗೆ ಹಲವು ಬಾರಿ ಕುತ್ತಿಗೆ ಕೊಯ್ದರೂ ಗಡ್ಡೆ ಸಿಗಲಿಲ್ಲ. 1932ರಲ್ಲಿ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ ಅದು ಎದೆಗೂಡಿನೊಳಗೆ ದೊರೆಯಿತು.

ಚಿಕಿತ್ಸೆ ಮತ್ತು ನಂತರ

ರೋಗವನ್ನು ಬುಡಸಮೇತ ಗುಣಪಡಿಸುವ ದಾರಿ ಶಸ್ತ್ರಚಿಕಿತ್ಸೆಯೊಂದೇ. ಹರಳು, ಮೂಳೆ ಮುರಿತ ಅಥವಾ ತೀವ್ರ ಮೂಳೆ ಸವೆತ, ಮೂತ್ರಪಿಂಡದ ಶಕ್ತಿ ಕುಂದಿರುವುದು, 50ಕ್ಕಿಂತ ಕಡಿಮೆ ವಯಸ್ಸು, ಮೇಲ್ಮಿತಿಗಿಂತ 1 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇವುಗಳಲ್ಲಿ ಒಂದಿದ್ದರೂ ತಜ್ಞರು ಶಸ್ತ್ರಚಿಕಿತ್ಸೆ ಸೂಚಿಸುತ್ತಾರೆ. ಅನುಭವಿಗಳ ಕೈಯಲ್ಲಿ ನೂರರಲ್ಲಿ ಸುಮಾರು 95 ಮಂದಿ ಗುಣವಾಗುತ್ತಾರೆ. ರಕ್ತದಲ್ಲಿ ಪಿಟಿಎಚ್ ಕೆಲವೇ ನಿಮಿಷಗಳಲ್ಲಿ ಕರಗುವುದರಿಂದ, ಗಡ್ಡೆ ತೆಗೆದ ಹತ್ತು ನಿಮಿಷಕ್ಕೆ ಅದು ಅರ್ಧಕ್ಕಿಂತ ಕೆಳಗಿಳಿದಿದೆಯೇ ಎಂದು ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲೇ ನೋಡುವ ಸೌಲಭ್ಯ ದೊಡ್ಡ ಕೇಂದ್ರಗಳಲ್ಲಿದೆ.

ಧ್ವನಿಯ ನರಕ್ಕೆ ಪೆಟ್ಟಾಗುವ ಅಪಾಯ ಕಡಿಮೆಯಾದರೂ ಇದ್ದೇ ಇದೆ. ಆದ್ದರಿಂದ ಇಂತಹ ಶಸ್ತ್ರಚಿಕಿತ್ಸೆಯನ್ನು ನಿಯಮಿತವಾಗಿ ಮಾಡುವವರನ್ನೇ ಆಯ್ದುಕೊಳ್ಳುವುದು ಲೇಸು. ಶಸ್ತ್ರಚಿಕಿತ್ಸೆಯ ನಂತರ, ಬಹುಕಾಲ ಬರಿದಾಗಿದ್ದ ಮೂಳೆಗಳು ಕ್ಯಾಲ್ಸಿಯಂ ಅನ್ನು ಒಮ್ಮೆಲೇ ಹೀರಿಕೊಳ್ಳುವುದರಿಂದ ತುಟಿ, ಬೆರಳುಗಳಲ್ಲಿ ಜುಮುಜುಮು, ಸೆಳೆತ ಉಂಟಾಗಬಹುದು. ಆಗ ಕ್ಯಾಲ್ಸಿಯಂ ಮತ್ತು ಸಕ್ರಿಯ ವಿಟಮಿನ್ ‘ಡಿ’ ಅಗತ್ಯ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದವರಿಗೆ ಸಿನಾಕಾಲ್ಸೆಟ್ ಮಾತ್ರೆ ಕ್ಯಾಲ್ಸಿಯಂ ಇಳಿಸುತ್ತದೆ, ಗಡ್ಡೆಯನ್ನು ಕರಗಿಸುವುದಿಲ್ಲ. ಇಂತಹವರು ಹಾಲು, ಮೊಸರು ಬಿಡಬೇಕಿಲ್ಲ. ನೀರು ಧಾರಾಳವಾಗಿ ಕುಡಿಯಬೇಕು.

ಕ್ಯಾಲ್ಸಿಯಂ 14 ದಾಟಿ ವಾಂತಿ, ಗೊಂದಲ, ಮಂಪರು ಕಂಡರೆ ಅದು ತುರ್ತುಸ್ಥಿತಿ. ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ಎಳೆಯ ವಯಸ್ಸಿನಲ್ಲೇ ರೋಗ ಬಂದಿದ್ದರೆ, ಅಥವಾ ಮನೆಯಲ್ಲಿ ಇನ್ನೊಬ್ಬರಿಗೂ ಇದ್ದರೆ, ಒಡಹುಟ್ಟಿದವರು ಮತ್ತು ಮಕ್ಕಳ ಕ್ಯಾಲ್ಸಿಯಂ ಪರೀಕ್ಷೆಯೂ ಆಗಬೇಕು.

ಎರಡನೆಯ ಬಾರಿ ಹರಳು ಕಾಣಿಸಿಕೊಂಡವರು, ಕಾರಣವಿಲ್ಲದೆ ಮೂಳೆ ಮುರಿದವರು ವೈದ್ಯರಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ‘ರಕ್ತದ ಕ್ಯಾಲ್ಸಿಯಂ ನೋಡಿದ್ದೀರಾ?’ ಈ ಪರೀಕ್ಷೆ ತಾಲ್ಲೂಕು ಕೇಂದ್ರಗಳಲ್ಲೇ ಲಭ್ಯ. ಹರಳನ್ನು ಮತ್ತೆ ಮತ್ತೆ ತೆಗೆಸುವ ಖರ್ಚು ಮತ್ತು ನೋವಿನೆದುರು ಅದು ಬಹಳ ಅಗ್ಗ.