ಕರೆ ಕಡಿದರೆ ಗಾಬರಿ ಬೇಡ: ಟವರ್ ಮೇಲಿನ ಕರೆಂಟು ಮತ್ತು ಗಡಿಯಾರ

ದುಬೈನ ಶೇಖ್ ಜಾಯೆದ್ ರಸ್ತೆಯಿಂದ ಒಳಬದಿಗೆ ಹರಡಿಕೊಂಡಿರುವ ಅಲ್ ಕೂಜ್ ಮುಖ್ಯವಾಗಿ ಕೈಗಾರಿಕಾ ಪ್ರದೇಶ. ಗೋದಾಮು, ಗ್ಯಾರೇಜು, ವರ್ಕ್‌ಶಾಪುಗಳ ನಡುವೆಯೇ ಕಾರ್ಮಿಕರ ವಸತಿಗಳೂ ಇವೆ. ಕರಾವಳಿ, ಮಲೆನಾಡು, ಬಯಲುಸೀಮೆಗಳಿಂದ ಬಂದ ನಮ್ಮವರು ಇಲ್ಲಿ ಚಾಲಕರಾಗಿ, ವೆಲ್ಡರ್‌ಗಳಾಗಿ, ಸ್ಟೋರ್ ಕೀಪರ್‌ಗಳಾಗಿ, ನಮ್ಮ ಹಾಗೆ ಲೆಕ್ಕ ಬರೆಯುವವರಾಗಿ ದುಡಿಯುತ್ತಿದ್ದಾರೆ. ಕೆಲಸ ಯಾವುದೇ ಇರಲಿ, ರಾತ್ರಿ ಊಟ ಮುಗಿದ ಮೇಲೆ ಎಲ್ಲರ ಕೈಯಲ್ಲೂ ಫೋನು. ಇಲ್ಲಿ 9 ಗಂಟೆಯಾದಾಗ ಊರಿನಲ್ಲಿ ಹತ್ತೂವರೆ. ಅಮ್ಮ ಮಲಗುವ ಮೊದಲು ಎರಡು ಮಾತಾಡಬೇಕು, ಮಕ್ಕಳ ಮುಖ ನೋಡಬೇಕು.

ಇಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ. ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್‌ಗಳಲ್ಲಿ ಮಾತಾಡುತ್ತೇವೆ. ಅಂದರೆ ನಮ್ಮ ಮಾತುಕತೆಯೆಲ್ಲ ನಿಂತಿರುವುದು ಇಂಟರ್‌ನೆಟ್ ಮೇಲೆ. ಊರಿನಲ್ಲಿ ಮಳೆಗಾಲ ಶುರುವಾಯಿತೆಂದರೆ ಈ ಕರೆಗಳು ಕಡಿಯುವುದೂ ಶುರು. ಮಾತಿನ ನಡುವೆ ಮುಖ ನಿಂತುಬಿಡುತ್ತದೆ, ದನಿ ತುಂಡಾಗುತ್ತದೆ, ಆಮೇಲೆ ಎಷ್ಟು ಸಲ ಒತ್ತಿದರೂ ರಿಂಗ್ ಆಗುವುದಿಲ್ಲ. ಅಲ್ಲಿ ಏನಾಯಿತೋ ಎಂದು ನಮಗೆ ನಿದ್ದೆ ಇಲ್ಲ, ಇಲ್ಲಿ ಏನಾಯಿತೋ ಎಂದು ಮನೆಯವರಿಗೆ ನಿದ್ದೆ ಇಲ್ಲ. ಹೆಚ್ಚಿನ ಸಲ ಯಾರಿಗೂ ಏನೂ ಆಗಿರುವುದಿಲ್ಲ. ಊರಿನ ಗುಡ್ಡದ ಮೇಲಿನ ಟವರ್ ಸುಮ್ಮನಾಗಿರುತ್ತದೆ, ಅಷ್ಟೆ.

ಆ ಟವರ್ ಏಕೆ ಸುಮ್ಮನಾಗುತ್ತದೆ ಎಂಬುದು ಮನೆಯವರಿಗೂ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆಯಾದೀತು. ನಾವು ಟವರ್ ಹತ್ತುವವರಲ್ಲ. ಆದರೆ ಗೋದಾಮಿನಿಂದ ಗೋದಾಮಿಗೆ ಇಂಟರ್‌ನೆಟ್ ಒಯ್ಯುವ ವೈರ್‌ಲೆಸ್ ಉಪಕರಣಗಳ ಬಿಲ್ಲುಗಳು ನಮ್ಮ ಮೇಜಿಗೆ ಬರುತ್ತವೆ. ಬ್ಯಾಟರಿ, ಕೇಬಲ್, ಜಿಪಿಎಸ್ ಆಂಟೆನಾ ಇದೆಲ್ಲ ಏತಕ್ಕೆ ಎಂದು ಕೇಳದೆ ಸಹಿ ಹಾಕುವುದು ಲೆಕ್ಕಿಗರ ಜಾಯಮಾನವಲ್ಲ. ಕೇಳಿ ತಿಳಿದದ್ದರ ಸಾರ ಇಷ್ಟೇ: ಟವರ್‌ಗೆ ಎರಡು ವಸ್ತು ಬೇಕು. ಒಂದು ಕರೆಂಟು, ಇನ್ನೊಂದು ಸರಿಯಾದ ಗಡಿಯಾರ.

ಕರೆಂಟಿನ ಲೆಕ್ಕ

ಊರಿನ ಟವರ್‌ಗೆ ಕರೆಂಟು ಬರುವುದು ನಮ್ಮ ಮನೆಗೆ ಬರುವ ಮೆಸ್ಕಾಂ ಅಥವಾ ಹೆಸ್ಕಾಂ ಲೈನಿನಿಂದಲೇ. ಆದರೆ ಟವರ್‌ನ ಉಪಕರಣಗಳು 48 ವೋಲ್ಟ್‌ನ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ರೆಕ್ಟಿಫೈಯರ್ ಎಂಬ ಪೆಟ್ಟಿಗೆ ಲೈನಿನ ಕರೆಂಟನ್ನು ಹಾಗೆ ಬದಲಿಸಿ ಉಪಕರಣಗಳನ್ನು ನಡೆಸುತ್ತದೆ, ಬ್ಯಾಟರಿಗಳನ್ನೂ ತುಂಬಿಸುತ್ತದೆ. 2 ವೋಲ್ಟ್‌ನ 24 ಸೆಲ್ಲುಗಳನ್ನು ಸಾಲಾಗಿ ಜೋಡಿಸಿದರೆ 48 ವೋಲ್ಟ್. ಲೈನು ಹೋದರೆ ಬ್ಯಾಟರಿ, ಬ್ಯಾಟರಿ ಮುಗಿಯುತ್ತ ಬಂದರೆ ಜನರೇಟರ್. ಜನರೇಟರ್ ಇಲ್ಲದ ಅಥವಾ ಡೀಸೆಲ್ ತಲುಪದ ಕಡೆ ಕೆಲವೇ ಗಂಟೆಗಳಲ್ಲಿ ಟವರ್ ಮೌನ.

ಇನ್ನು ವೈರ್‌ಲೆಸ್ ಇಂಟರ್‌ನೆಟ್‌ನ ಸಣ್ಣ ರೇಡಿಯೋಗಳು ಟವರ್‌ನ ತುದಿಯಲ್ಲೋ ಕಟ್ಟಡದ ತಾರಸಿಯಲ್ಲೋ ಇರುತ್ತವೆ. ಅಲ್ಲಿಗೆ ಬೇರೆಯಾಗಿ ಕರೆಂಟಿನ ವೈರ್ ಎಳೆಯುವುದಿಲ್ಲ. ಕೆಳಗಿನಿಂದ ಹೋಗುವ ಒಂದೇ ಈಥರ್‌ನೆಟ್ ಕೇಬಲ್ ಇಂಟರ್‌ನೆಟ್ಟನ್ನೂ ಕರೆಂಟನ್ನೂ ಒಯ್ಯುತ್ತದೆ. ಪವರ್ ಓವರ್ ಈಥರ್‌ನೆಟ್ ಎಂದು ಅದರ ಹೆಸರು. 2003ರ ಮಾನದಂಡದಲ್ಲಿ ಒಂದು ಕೇಬಲ್ಲಿಗೆ 15.4 ವ್ಯಾಟ್ ಕೊಡಲು ಅವಕಾಶವಿತ್ತು. 2009ರಲ್ಲಿ ಅದು 30 ಆಯಿತು, 2018ರಲ್ಲಿ 90ಕ್ಕೆ ಏರಿತು. ಕೇಬಲ್ಲಿನ ಉದ್ದ ಮಾತ್ರ 100 ಮೀಟರ್ ದಾಟುವಂತಿಲ್ಲ.

ಏಕೆ 48 ವೋಲ್ಟ್? 24 ವ್ಯಾಟ್ ಬೇಡುವ ಒಂದು ರೇಡಿಯೋಗೆ 12 ವೋಲ್ಟ್‌ನಲ್ಲಿ ಕೊಟ್ಟರೆ ಕೇಬಲ್ಲಿನಲ್ಲಿ 2 ಆಂಪಿಯರ್ ಹರಿಯಬೇಕು. 48 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್ ಸಾಕು. ಹರಿಯುವುದು ನಾಲ್ಕನೇ ಒಂದು ಪಾಲಾದರೆ ತಂತಿಯಲ್ಲಿ ಶಾಖವಾಗಿ ಸೋರುವುದು ಹದಿನಾರನೇ ಒಂದು ಪಾಲು. ಊರಿಗೆ ಹಣ ಕಳಿಸುವಾಗ ನಾಲ್ಕು ಸಲ ಸಣ್ಣ ಮೊತ್ತ ಕಳಿಸಿ ನಾಲ್ಕು ಸಲ ಶುಲ್ಕ ಕೊಡುವ ಬದಲು ಒಂದೇ ಸಲ ಕಳಿಸುತ್ತೇವಲ್ಲ, ಹೆಚ್ಚುಕಡಿಮೆ ಅದೇ ಜಾಣತನ.

ಎಲ್ಲರಿಗೂ ಒಂದೇ ತಾಳ

ಎರಡನೆಯದು ಗಡಿಯಾರ. ಒಂದೇ ಟವರ್‌ನಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ರೇಡಿಯೋ ಇವೆ ಎಂದುಕೊಳ್ಳಿ. ಇಂಥ ಬಹಳಷ್ಟು ರೇಡಿಯೋಗಳು ಒಂದೇ ತರಂಗಾಂತರದಲ್ಲಿ ಸರದಿಯಂತೆ ಒಮ್ಮೆ ಮಾತಾಡುತ್ತವೆ, ಒಮ್ಮೆ ಕೇಳಿಸಿಕೊಳ್ಳುತ್ತವೆ. 2022ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲಿ ಆರಂಭವಾದ 5ಜಿ ಸೇವೆಯೂ ಬಹುಪಾಲು ಹೀಗೆಯೇ ನಡೆಯುತ್ತದೆ. ಒಂದು ರೇಡಿಯೋ ದೂರದ ಫೋನಿನ ಕ್ಷೀಣ ದನಿಗೆ ಕಿವಿಗೊಟ್ಟಿರುವಾಗ ಪಕ್ಕದ್ದು ಜೋರಾಗಿ ಕೂಗಿದರೆ ಏನು ಕೇಳಿಸೀತು? ಆದ್ದರಿಂದ ಎಲ್ಲವೂ ಒಟ್ಟಿಗೇ ಮಾತಾಡಬೇಕು, ಒಟ್ಟಿಗೇ ಕೇಳಿಸಿಕೊಳ್ಳಬೇಕು. ಯಕ್ಷಗಾನದಲ್ಲಿ ಚೆಂಡೆ, ಮದ್ದಳೆ, ಕುಣಿತ ಎಲ್ಲವೂ ಭಾಗವತರ ತಾಳಕ್ಕೆ ಕಟ್ಟುಬಿದ್ದ ಹಾಗೆ.

ಟವರ್‌ಗೆ ತಾಳ ಕೊಡುವುದು ಆಕಾಶ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಟವರ್ ಮೇಲೆ ಅಣಬೆಯಂತೆ ಕಾಣುವ ಪುಟ್ಟ ಆಂಟೆನಾ ಅವುಗಳ ಸಂಕೇತ ಹಿಡಿದು ಸೆಕೆಂಡಿಗೊಂದು ಮಿಡಿತ ಕೊಡುತ್ತದೆ. ಇಂಥ ಮೊಬೈಲ್ ಜಾಲಗಳಲ್ಲಿ ಟವರ್‌ನ ಗಡಿಯಾರ ಒಂದೂವರೆ ಮೈಕ್ರೋಸೆಕೆಂಡಿಗಿಂತ ಹೆಚ್ಚು ಆಚೀಚೆ ಆಗಬಾರದು. ಮೈಕ್ರೋಸೆಕೆಂಡ್ ಎಂದರೆ ಸೆಕೆಂಡಿನ 10 ಲಕ್ಷದಲ್ಲಿ ಒಂದು ಪಾಲು. ದಿನಕ್ಕೆ ಒಂದೇ ಸೆಕೆಂಡು ತಪ್ಪುವ ಕೈಗಡಿಯಾರವನ್ನು ನಾವು ಮೆಚ್ಚಿಕೊಳ್ಳುತ್ತೇವೆ. ಆದರೆ ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಅದು ಪ್ರತಿ ಸೆಕೆಂಡಿಗೆ 11 ಮೈಕ್ರೋಸೆಕೆಂಡಿಗೂ ಹೆಚ್ಚು ತಪ್ಪುತ್ತದೆ. ಟವರ್ ಮೇಲೆ ಅದು ಒಂದು ಸೆಕೆಂಡೂ ಬಾಳುವುದಿಲ್ಲ. ಫೋನಿನಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಮಾತು ತುಂಡಾಗುವುದಕ್ಕೆ ಇರುವ ಕಾರಣಗಳಲ್ಲಿ ತಾಳ ತಪ್ಪುವುದೂ ಒಂದು. ಕಡ್ಡಿ ತೋರಿಸುವುದು ದನಿಯ ಜೋರನ್ನೇ ಹೊರತು ಅದು ಸ್ಪಷ್ಟವಾಗಿದೆಯೇ ಎಂಬುದನ್ನಲ್ಲ.

ಈ ಗಡಿಯಾರದ ವಿದ್ಯೆಯಲ್ಲಿ ಕರ್ನಾಟಕಕ್ಕೂ ಪಾಲಿದೆ. ನಮ್ಮದೇ ದೇಶದ ನಾವಿಕ್ ಉಪಗ್ರಹಗಳ ಸಮಯ ಕಾಯುವ ಇಸ್ರೋ ಕೇಂದ್ರ 2013ರಿಂದ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿದೆ. ಹೊರದೇಶದಿಂದ ತಂದಿದ್ದ ಪರಮಾಣು ಗಡಿಯಾರಗಳು ಮೊದಲ ಉಪಗ್ರಹದಲ್ಲೇ ಕೈಕೊಟ್ಟಿದ್ದವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01 ಉಪಗ್ರಹ ದೇಶದಲ್ಲೇ ಮಾಡಿದ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದಿತು.

ಇಲ್ಲಿ ಬಿಸಿಲು, ಅಲ್ಲಿ ಮಳೆ

ಅಲ್ ಕೂಜ್‌ನಲ್ಲಿ ಲೈನಿನ ಕರೆಂಟು ಹೋಗುವುದು ಅಪರೂಪ. ಇಲ್ಲಿಯ ಶತ್ರು ಬಿಸಿಲು. ಸೀಸ ಮತ್ತು ಆಸಿಡ್‌ನ ಬ್ಯಾಟರಿ 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಸುಮಾರು ಅರ್ಧ ಆಯುಷ್ಯ ಕಳೆದುಕೊಳ್ಳುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಸವಕಳಿಯ ದರ ದುಪ್ಪಟ್ಟು. ದುರಸ್ತಿಗೆ ಹತ್ತುವವರಿಗೂ ಬಿಸಿಲೇ ಕಷ್ಟ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸುವುದನ್ನು ಈ ದೇಶ ನಿಷೇಧಿಸಿದೆ. ಆ ಹೊತ್ತಿನಲ್ಲಿ ನೆಟ್ ಹೋದರೆ ಸ್ವಲ್ಪ ಕಾಯುವುದು ನ್ಯಾಯ. ಮೇಲೆ ಹತ್ತುವವನಿಗೂ ಊರಲ್ಲಿ ಕಾಯುವ ಮನೆಯವರಿದ್ದಾರೆ.

ಮಳೆಗೆ ಈ ನಾಡೂ ಹೊರತಲ್ಲ. 2024ರ ಏಪ್ರಿಲ್ 16ರಂದು ಅಲ್ ಐನ್ ಪ್ರದೇಶದ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಮಳೆ ಸುರಿಯಿತು. 1949ರಲ್ಲಿ ದಾಖಲೆ ಆರಂಭವಾದ ಮೇಲೆ ಅಷ್ಟು ಮಳೆ ಇಲ್ಲಿ ಬಂದಿರಲಿಲ್ಲ. ದುಬೈನ ರಸ್ತೆಗಳು ಹೊಳೆಯಾದವು, ವಿಮಾನಗಳು ನಿಂತವು. ಯಾವಾಗಲೂ ನಾವು ಊರಿನ ಮಳೆಯ ಸುದ್ದಿ ಕೇಳುತ್ತಿದ್ದೆವು. ಅಂದು ಊರಿನವರು ನಮ್ಮ ಮಳೆಯ ಸುದ್ದಿ ಕೇಳುತ್ತ ಕೂರಬೇಕಾಯಿತು.

ಊರಿನ ಕಷ್ಟ ಬೇರೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಸಮೀಪ, ರಸ್ತೆಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ತಂದೆ ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ನಿಂತ ಚಿತ್ರವನ್ನು ನಾವೆಲ್ಲ ಇಲ್ಲಿಂದಲೇ ನೋಡಿದ್ದೇವೆ. ಮನೆಯಲ್ಲಿ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಮರುವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ 24,680 ಹಳ್ಳಿಗಳಿಗೆ ಬಿಎಸ್‌ಎನ್‌ಎಲ್ ಮೂಲಕ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಟವರ್ ನಿಲ್ಲಿಸುವುದು ಬಂಡವಾಳದ ಖರ್ಚು, ಒಂದು ಸಲ ಮಾಡಿದರೆ ಮುಗಿಯಿತು. ಬ್ಯಾಟರಿ ಬದಲಿಸುವುದು, ಡೀಸೆಲ್ ತುಂಬಿಸುವುದು, ಸಿಡಿಲಿಗೆ ಅರ್ಥಿಂಗ್ ನೋಡಿಕೊಳ್ಳುವುದು ವರ್ಷವರ್ಷದ ಖರ್ಚು. ಉದ್ಘಾಟನೆಯ ಫೋಟೋದಲ್ಲಿ ಕಾಣುವುದು ಮೊದಲನೆಯದು, ಮಳೆಗಾಲದ ರಾತ್ರಿ ನಮ್ಮ ಕರೆಯನ್ನು ಉಳಿಸುವುದು ಎರಡನೆಯದು. ಗ್ರಾಮಸಭೆಯಲ್ಲಿ ಟವರ್ ಬೇಕು ಎಂದು ಕೇಳುವಾಗ ಅದರ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂದೂ ಕೇಳಿ.

ಮನೆಯವರು ಮಾಡಬಹುದಾದದ್ದು

ಕರೆ ಸಿಗದಿದ್ದರೆ ಮೊದಲು ಪಕ್ಕದ ಮನೆಯಲ್ಲಿ ಕೇಳಿ. ಅದೇ ಕಂಪನಿಯ ಸಿಮ್ ಅವರಲ್ಲೂ ಸತ್ತಿದ್ದರೆ ಟವರ್‌ನದೇ ತೊಂದರೆ. ಮನೆಯಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಮ್ ಇರಲಿ, ಎರಡೂ ನಂಬರ್ ನಮ್ಮಲ್ಲಿರಲಿ. ಇಂಟರ್‌ನೆಟ್ ನಿಧಾನವಾದಾಗ ವಿಡಿಯೋಗೆ ಹಟ ಹಿಡಿಯದೆ ಒಂದು ಎಸ್ಸೆಮ್ಮೆಸ್ ಕಳಿಸಿ, ಹಲವು ಸಲ ಅದು ತಲುಪುತ್ತದೆ. ಬ್ಯಾಂಕಿನ ಒಟಿಪಿಯೂ ಬರುವುದು ಅದೇ ಟವರ್‌ನಿಂದ. ಆಸ್ಪತ್ರೆ, ಶಾಲೆ ಶುಲ್ಕದ ಹಣವನ್ನು ಗಾಳಿಮಳೆಯ ದಿನದವರೆಗೆ ಉಳಿಸಿಕೊಳ್ಳದೆ ಮೊದಲೇ ಕಟ್ಟಿಬಿಡಿ.

ಮನೆಗೆ ಫೈಬರ್ ಇದ್ದರೆ ಕರೆಂಟು ಹೋದ ಕೂಡಲೇ ರೂಟರ್ ಆರುತ್ತದೆ, ಲೈನ್ ಸರಿಯಿದ್ದರೂ ನೆಟ್ ಇಲ್ಲ. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನಲ್ಲಿ ನಡೆಯುವಂಥವು. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಇಟ್ಟರೆ ಒಂದೆರಡು ಗಂಟೆ ಮಾತಿಗೆ ಮೋಸವಿಲ್ಲ. ಮುಂದಿನ ರಜೆಗೆ ಬರುವವರ ಹತ್ತಿರ ಚಾಕೊಲೇಟ್, ಅತ್ತರಿನ ಜೊತೆ ಅದನ್ನೂ ಪಟ್ಟಿಗೆ ಸೇರಿಸಿ. ಸಿಡಿಲಿರುವಾಗ ಮಾತ್ರ ಪ್ಲಗ್ ಕಿತ್ತಿಡಿ, ಮಾತು ಮರುದಿನ ಆದರೂ ಆಗುತ್ತದೆ.

ಕೊನೆಗೊಂದು ಒಪ್ಪಂದ ಮಾಡಿಕೊಳ್ಳೋಣ. ರಾತ್ರಿ ಕರೆ ಕಡಿದು ಮತ್ತೆ ಸಿಗದಿದ್ದರೆ, ಮರುದಿನ ನಾವು ಕೆಲಸಕ್ಕೆ ಹೊರಡುವ ಮೊದಲು ಬೆಳಿಗ್ಗೆ 6ಕ್ಕೆ, ಅಂದರೆ ಊರಿನ ಏಳೂವರೆಗೆ, ಇನ್ನೊಮ್ಮೆ ಪ್ರಯತ್ನಿಸುತ್ತೇವೆ. ಅಲ್ಲಿಯವರೆಗೆ ಟವರ್ ಮಲಗಿದೆ ಎಂದುಕೊಂಡು ನೀವೂ ಮಲಗಿ.