ರಾ ಫೈಲ್ ತೆರೆದ ತಕ್ಷಣ ಫೋಟೋ ಮಂಕಾಗುವುದೇಕೆ? ತಪ್ಪು ತಂತ್ರಾಂಶದ್ದೇ?

ಯಾರೋ ಹೇಳಿದರೆಂದು ಜೆಪೆಗ್ ಬಿಟ್ಟು ರಾ ಫೈಲ್‌ನಲ್ಲಿ ಫೋಟೋ ತೆಗೆಯಲು ಶುರುಮಾಡುತ್ತೇವೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ, ಒಂದು ಕ್ಷಣ ಚೆಂದ ಕಂಡ ಚಿತ್ರ ಕಣ್ಣೆದುರೇ ಮಂಕಾಗುತ್ತದೆ. 'ಉಚಿತ ತಂತ್ರಾಂಶ ಅಲ್ಲವಾ, ಇನ್ನೇನು' ಎಂದುಕೊಂಡು ತಿಂಗಳಿಗಿಷ್ಟು ಎಂದು ಹಣ ಕಟ್ಟುವ ತಂತ್ರಾಂಶದ ಕಡೆ ಹೊರಳುತ್ತೇವೆ. ನಾವೂ ಮೊದಲು ಹಾಗೇ ಅಂದುಕೊಂಡಿದ್ದೆವು.

ಅಸಲಿಗೆ ಅಲ್ಲಿ ಏನೂ ಕೆಟ್ಟಿರುವುದಿಲ್ಲ. ಮೊದಲು ಕಾಣಿಸುವುದು ಸಾಮಾನ್ಯವಾಗಿ ಕ್ಯಾಮೆರಾವೇ ಸಿದ್ಧಪಡಿಸಿ ರಾ ಫೈಲ್‌ನೊಳಗೆ ಸೇರಿಸಿಟ್ಟ ಜೆಪೆಗ್. ಆಮೇಲೆ ಕಾಣಿಸುವುದು ತಂತ್ರಾಂಶ ತನ್ನದೇ ಲೆಕ್ಕದಲ್ಲಿ ಕಟ್ಟಿದ ಚಿತ್ರ. ಜೆಪೆಗ್ ಬೆಂದ ಇಡ್ಲಿಯಾದರೆ ರಾ ಫೈಲ್ ಇನ್ನೂ ಹಿಟ್ಟು.

ಹಿಟ್ಟು ಎನ್ನುವುದಕ್ಕೆ ಕಾರಣವಿದೆ. ಕ್ಯಾಮೆರಾದ ಸೆನ್ಸರ್‌ಗೆ ಬಣ್ಣ ಗೊತ್ತಿಲ್ಲ, ಬೆಳಕು ಎಷ್ಟು ಬಿತ್ತು ಎಂಬುದಷ್ಟೇ ಗೊತ್ತು. ಹಾಗಾಗಿ ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು ಅಥವಾ ನೀಲಿ ಸೋಸುಗವನ್ನು ಕೂರಿಸಿರುತ್ತಾರೆ. ಕೊಡಾಕ್‌ನ ಬ್ರೈಸ್ ಬೇಯರ್ ಈ ವಿನ್ಯಾಸಕ್ಕೆ 1976ರಲ್ಲಿ ಪೇಟೆಂಟ್ ಪಡೆದರು. ಹೆಚ್ಚಿನ ಕ್ಯಾಮೆರಾಗಳು ಇಂದಿಗೂ ಬಳಸುವುದು ಅದನ್ನೇ. 24 ಮೆಗಾಪಿಕ್ಸೆಲ್ ಸೆನ್ಸರ್‌ನಲ್ಲಿ ಸುಮಾರು 1.2 ಕೋಟಿ ಪಿಕ್ಸೆಲ್ ಹಸಿರನ್ನು, ತಲಾ 60 ಲಕ್ಷ ಪಿಕ್ಸೆಲ್ ಕೆಂಪು ಮತ್ತು ನೀಲಿಯನ್ನು ಅಳೆಯುತ್ತವೆ. ಪ್ರತಿ ಪಿಕ್ಸೆಲ್‌ನಲ್ಲೂ ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದವನ್ನು ನೋಡಿ ಊಹಿಸಬೇಕು. ಅಂದರೆ ನಾವು ನೋಡುವ ಫೋಟೋದ ಬಣ್ಣದ ಮಾಹಿತಿಯಲ್ಲಿ ಮೂರನೇ ಎರಡು ಪಾಲು ಲೆಕ್ಕ ಹಾಕಿ ತುಂಬಿದ್ದು! ಈ ಲೆಕ್ಕವನ್ನೂ, ಬೆಳಕು-ನೆರಳಿನ ಹದವನ್ನೂ ಒಂದೊಂದು ತಂತ್ರಾಂಶ ಒಂದೊಂದು ರೀತಿ ಮಾಡುತ್ತದೆ. 'ಅಸಲಿ ಬಣ್ಣ ತೋರಿಸುವ ತಂತ್ರಾಂಶ ಯಾವುದು' ಎಂದು ಕೇಳಿದರೆ ಉತ್ತರವಿಲ್ಲ.

ಹಾಗಾದರೆ ಆರಿಸುವುದು ಹೇಗೆ? ಮೊದಲು, ನಿಮ್ಮ ಕ್ಯಾಮೆರಾದ ಮಾದರಿ ಅದರ ಪಟ್ಟಿಯಲ್ಲಿದೆಯೇ ನೋಡಿ. ಹೊಸ ಕ್ಯಾಮೆರಾ ಬಂದಾಗಲೆಲ್ಲ ತಂತ್ರಾಂಶಕ್ಕೆ ಅದರ ಪರಿಚಯ ಮಾಡಿಸಬೇಕಾಗುತ್ತದೆ. ಕ್ಯಾಮೆರಾದ ಪರದೆಯಲ್ಲಿ ಕಂಡ ಬಣ್ಣವೇ ಬೇಕೆನ್ನುವವರಿಗೆ ತಯಾರಕರೇ ಉಚಿತವಾಗಿ ಕೊಡುವವು ಸಾಕು: ಕ್ಯಾನನ್‌ನವರದು ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರದು ಎನ್ಎಕ್ಸ್ ಸ್ಟುಡಿಯೋ. ಡಾರ್ಕ್‌ಟೇಬಲ್ ಮತ್ತು ರಾಥೆರಪಿ ಉಚಿತ, ಮುಕ್ತ ತಂತ್ರಾಂಶಗಳು. ಗುಣಮಟ್ಟದಲ್ಲಿ ಕಡಿಮೆಯೇನಲ್ಲ, ಆದರೆ ಕಲಿಯಲು ತಾಳ್ಮೆ ಬೇಕು. ಡಾರ್ಕ್‌ಟೇಬಲ್‌ನ ಆಯ್ಕೆಗಳ ರಾಶಿ ನೋಡಿ ನಾವು ಎರಡು ಸಲ ಮುಚ್ಚಿಟ್ಟಿದ್ದುಂಟು. ಸಾವಿರಾರು ಮದುವೆ ಫೋಟೋಗಳನ್ನು ಬೇಗ ಮುಗಿಸಬೇಕಾದವರಿಗೆ ಲೈಟ್‌ರೂಮ್‌ನಂಥದ್ದಕ್ಕೆ ಹಣ ಕೊಡುವುದು ದಂಡವಲ್ಲ.

ಬೆಲೆಗಿಂತ ಹೆಚ್ಚು ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಈ ತಂತ್ರಾಂಶಗಳು ಮೂಲ ಫೈಲ್‌ನ ಚಿತ್ರವನ್ನು ಮುಟ್ಟುವುದಿಲ್ಲ. 'ಇಷ್ಟು ಬೆಳಕು ಹೆಚ್ಚಿಸು, ಇಲ್ಲಿ ಕತ್ತರಿಸು' ಎಂಬ ಸೂಚನೆಗಳನ್ನು ಬೇರೆಯಾಗಿ ಬರೆದಿಡುತ್ತವೆ. ಒಂದರ ಸೂಚನೆ ಇನ್ನೊಂದಕ್ಕೆ ಪೂರ್ತಿ ಅರ್ಥವಾಗದು. ಹತ್ತು ವರ್ಷ ಒಂದರಲ್ಲಿ ತಿದ್ದಿದ ಮಗಳ ಫೋಟೋಗಳನ್ನು ಇನ್ನೊಂದರಲ್ಲಿ ತೆರೆದರೆ ಮತ್ತೆ ಹಿಟ್ಟಿನಿಂದಲೇ ಶುರು. ಲೈಟ್‌ರೂಮ್ ಕ್ಲಾಸಿಕ್‌ನಲ್ಲಿ ಚಂದಾ ನಿಲ್ಲಿಸಿದ ಮೇಲೂ ಹಳೆಯ ಕೆಲಸವನ್ನು ನೋಡಬಹುದು, ಹೊರತೆಗೆಯಬಹುದು. ತಿದ್ದುವ ಮುಖ್ಯ ವಿಭಾಗ ಮಾತ್ರ ಮುಚ್ಚಿರುತ್ತದೆ. ಆದ್ದರಿಂದ ಮುಖ್ಯವಾದ ಫೋಟೋಗಳನ್ನು ತಿದ್ದಿ ಮುಗಿಸಿದ ಕೂಡಲೇ ಟಿಫ್ ಅಥವಾ ಜೆಪೆಗ್ ಆಗಿಯೂ ಉಳಿಸಿ, ರಾ ಫೈಲನ್ನು ಅಳಿಸಬೇಡಿ.

ಇನ್ನೂ ಗೊಂದಲವಿದ್ದರೆ ನಿಮ್ಮದೇ ಒಂದು ಕಷ್ಟದ ಫೋಟೋ ಆರಿಸಿ. ರಾತ್ರಿಯ ಯಕ್ಷಗಾನದ್ದಾದರೆ ಒಳ್ಳೆಯದು: ಕಡುಗೆಂಪು ಬಟ್ಟೆ, ಹೊಳೆಯುವ ಆಭರಣ, ಹಿಂದೆ ಕತ್ತಲು. ಎರಡು ತಂತ್ರಾಂಶಗಳಲ್ಲಿ ಅರ್ಧರ್ಧ ಗಂಟೆ ತಿದ್ದಿ ಪಕ್ಕಪಕ್ಕ ಇಟ್ಟು ನೋಡಿ. ತೆರೆದ ತಕ್ಷಣ ಕಂಡದ್ದನ್ನು ಮಾತ್ರ ಹೋಲಿಸಬೇಡಿ.