ಮೊನಾಕೊ ಗೆದ್ದ ಬೆಂಗಳೂರಿನ ಹುಡುಗನಿಗೆ ಫಾರ್ಮುಲಾ ಒನ್ ಎಷ್ಟು ದೂರ?

2025ರ ಮೇ 24, ಶನಿವಾರ. ಮೊನಾಕೊದ ಬೀದಿಯಲ್ಲಿ ಜನಗಣಮನ ಕೇಳಿಸಿತು. ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದು ವೇದಿಕೆಯ ಮೇಲೆ ನಿಂತಿದ್ದವನು ಬೆಂಗಳೂರಿನ ಕುಶ್ ಮೈನಿ. ಆ ಟ್ರ್ಯಾಕ್‌ನಲ್ಲಿ ಗೆದ್ದ ಮೊದಲ ಭಾರತೀಯ. ಅವತ್ತು ನಮ್ಮ ಹುಡುಗರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲೂ ಆ ವಿಡಿಯೊ ಓಡಾಡಿತು. "ಇನ್ನೇನು, ಮುಂದಿನ ವರ್ಷ ಎಫ್ 1ನಲ್ಲಿ ನಮ್ಮವನೇ" ಅಂತ ಬರೆದವರೂ ಇದ್ದರು. ಅಷ್ಟು ಸುಲಭವಾ?

ಫಾರ್ಮುಲಾ 2 ಅನ್ನೋದು ಫಾರ್ಮುಲಾ ಒನ್‌ಗಿಂತ ಒಂದೇ ಮೆಟ್ಟಿಲು ಕೆಳಗಿದೆ. ಇಲ್ಲಿ ಎಲ್ಲ ತಂಡಗಳಿಗೂ ಒಂದೇ ಬಗೆಯ ಕಾರು: ಡಲ್ಲಾರಾ ಕಂಪೆನಿಯ ಚಾಸಿ, ಮೆಕಾಕ್ರೋಮ್‌ನ ವಿ6 ಟರ್ಬೊ ಎಂಜಿನ್, ಪಿರೆಲ್ಲಿ ಟಯರ್. ಹಾಗಾಗಿ ಸೋತಾಗ ಕಾರಿನ ಮೇಲೆ ತಪ್ಪು ಹೊರಿಸಿ ತಪ್ಪಿಸಿಕೊಳ್ಳೋದು ಕಷ್ಟ. ವಾರಾಂತ್ಯಕ್ಕೆ ಎರಡು ರೇಸ್. ಭಾನುವಾರದ್ದು ದೊಡ್ಡದು, ಗೆದ್ದರೆ 25 ಪಾಯಿಂಟ್. ಶನಿವಾರದ ಸ್ಪ್ರಿಂಟ್‌ಗೆ ಕೇವಲ 10. ಸ್ಪ್ರಿಂಟ್‌ನಲ್ಲಿ ಇನ್ನೊಂದು ತಮಾಷೆ ಇದೆ: ಅರ್ಹತಾ ಸುತ್ತಿನ ಮೊದಲ ಹತ್ತು ಮಂದಿಯನ್ನು ತಲೆಕೆಳಗು ಮಾಡಿ ನಿಲ್ಲಿಸುತ್ತಾರೆ. ಹತ್ತನೆಯವನು ಮೊದಲು, ಮೊದಲಿನವನು ಹತ್ತನೇ ಜಾಗದಲ್ಲಿ. ಮೊನಾಕೊದಲ್ಲಿ ಕುಶ್ ಮುಂದೆ ನಿಂತದ್ದು ಹೀಗೆಯೇ.

ಹಾಗಂತ ಅದು ಪುಕ್ಕಟೆ ಗೆಲುವು ಅಂತ ಹೇಳಿದರೆ ಅನ್ಯಾಯ. 3.337 ಕಿಲೋಮೀಟರ್‌ನ ಆ ರಸ್ತೆಯ ಎರಡೂ ಕಡೆ ಕಬ್ಬಿಣದ ತಡೆಬೇಲಿ. ಒಂದು ಗೇಣು ತಪ್ಪಿದರೆ ಕಥೆ ಮುಗಿಯಿತು. ಬೆನ್ನ ಹಿಂದೆ ಇಡೀ ಸಾಲು ಕಾಯುತ್ತಿರುವಾಗ ಕೊನೆಯ ಸುತ್ತಿನವರೆಗೂ ತಪ್ಪು ಮಾಡದೆ ಇರಬೇಕಲ್ಲ!

2000ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಕುಶ್‌ಗೆ ರೇಸಿಂಗ್ ಮನೆಯ ಮಾತು. ತಂದೆ ಗೌತಮ್ ಮೈನಿ ಸ್ವತಃ ರೇಸ್ ಓಡಿಸಿದವರು. ಅಣ್ಣ ಅರ್ಜುನ್ ಫಾರ್ಮುಲಾ 2ವರೆಗೆ ಹೋಗಿ, ಆಮೇಲೆ ಜರ್ಮನಿಯ ಡಿಟಿಎಂ ರೇಸ್‌ಗೆ ದಾರಿ ಬದಲಿಸಿದ. ಬೆಂಗಳೂರಿನ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ ನೆನಪಿದೆಯಲ್ಲ, ಅದನ್ನು ಮಾಡಿದ್ದೂ ಇದೇ ಮೈನಿ ಕುಟುಂಬ. ಕಾರ್ಟಿಂಗ್ ಮುಗಿಸಿ ಯುರೋಪಿಗೆ ಹೋದ ಕುಶ್, ಬ್ರಿಟಿಷ್ ಎಫ್ 3ರಲ್ಲಿ 2018ಕ್ಕೆ ಮೂರನೆಯವನಾದ, 2020ಕ್ಕೆ ಎರಡನೆಯವನಾದ. 2023ರಲ್ಲಿ ಕಂಪೋಸ್ ತಂಡದಿಂದ ಫಾರ್ಮುಲಾ 2ಕ್ಕೆ ಬಂದ.

2024ರ ಕಥೆ ಕೇಳಿದರೆ ಬೇಜಾರಾಗುತ್ತದೆ. ಇನ್ವಿಕ್ಟಾ ತಂಡ ಸೇರಿ ಮೊದಲ ವಾರವೇ ಬಹ್ರೈನ್‌ನಲ್ಲಿ ಎಲ್ಲರಿಗಿಂತ ವೇಗದ ಸುತ್ತು ಹಾಕಿದ. ಆದರೆ ತಾಂತ್ರಿಕ ತಪಾಸಣೆಯಲ್ಲಿ ಕಾರು ನಿಯಮಕ್ಕೆ ಹೊಂದಲಿಲ್ಲವೆಂದು ಅನರ್ಹಗೊಳಿಸಿ ಹಿಂದಕ್ಕೆ ಕಳಿಸಿದರು. ಹಂಗೇರಿಯಲ್ಲಿ ಅದು ತಿರುಗುಮುರುಗಾಯಿತು: ಮೊದಲು ಬಂದ ರಿಚರ್ಡ್ ವರ್ಸ್ಖೂರ್ ಅನರ್ಹನಾಗಿ, ಸ್ಪ್ರಿಂಟ್ ಗೆಲುವು ಕುಶ್‌ಗೆ ಸಿಕ್ಕಿತು. ವರ್ಷದ ಕೊನೆಗೆ ಇನ್ವಿಕ್ಟಾ ತಂಡವೇ ಚಾಂಪಿಯನ್. ಅದೇ ತಂಡದ ಬ್ರೆಝಿಲ್ ಹುಡುಗ ಗೇಬ್ರಿಯಲ್ ಬೊರ್ಟೊಲೆಟೊ ಚಾಲಕರ ಕಿರೀಟ ಗೆದ್ದು 2025ರಲ್ಲಿ ಸೌಬರ್ ತಂಡದಿಂದ ಫಾರ್ಮುಲಾ ಒನ್‌ಗೆ ಹೋದ. ಕುಶ್ 13ನೇ ಸ್ಥಾನದಲ್ಲಿ ಉಳಿದ. ಒಂದೇ ಗ್ಯಾರೇಜು, ಒಂದೇ ಕಾರು. ಫಾರ್ಮುಲಾ ಒನ್ ತಂಡದವರು ಈ ಹೋಲಿಕೆಯನ್ನು ನೋಡದೆ ಬಿಡುವುದಿಲ್ಲ.

ಈಗ ಬಾಗಿಲ ಬೀಗದ ಮಾತು. ಫಾರ್ಮುಲಾ ಒನ್ ಓಡಿಸಲು 'ಸೂಪರ್ ಲೈಸನ್ಸ್' ಬೇಕು. ಅದಕ್ಕೆ ಮೂರು ವರ್ಷದ ಅವಧಿಯಲ್ಲಿ 40 ಅಂಕ ಕೂಡಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂವರಿಗೆ ನೇರವಾಗಿ 40. ನಾಲ್ಕನೆಯವನಿಗೆ 30, ಐದನೆಯವನಿಗೆ 20, ಆರನೆಯವನಿಗೆ 10. ಹತ್ತನೆಯವನ ಹೊತ್ತಿಗೆ ಬರೇ 3. ಅದರ ಕೆಳಗೆ ಏನೂ ಇಲ್ಲ. ಕುಶ್ 2023ರಲ್ಲಿ 11ನೆಯವನು, 2024ರಲ್ಲಿ 13ನೆಯವನು. ಎರಡು ವರ್ಷದ ಸ್ಥಾನಕ್ಕೂ ಸಿಕ್ಕಿದ್ದು ಸೊನ್ನೆ. ಡ್ಯಾಮ್ಸ್ ತಂಡದಲ್ಲಿದ್ದು ಮೊನಾಕೊದಲ್ಲಿ ಗಳಿಸಿದ ಆ 10 ಪಾಯಿಂಟ್ ಚರಿತ್ರೆಗೆ ದೊಡ್ಡದು, ಲೈಸನ್ಸ್ ಲೆಕ್ಕಕ್ಕೆ ಚಿಕ್ಕದು.

2025ರಲ್ಲಿ ಆಲ್ಪೀನ್ ತಂಡ ಅವನನ್ನು ಟೆಸ್ಟ್ ಹಾಗೂ ಮೀಸಲು ಚಾಲಕನನ್ನಾಗಿ ಮಾಡಿಕೊಂಡದ್ದು ನಿಜಕ್ಕೂ ಒಳ್ಳೆಯ ಸುದ್ದಿ. ಆದರೆ ಮೀಸಲು ಎಂದರೆ ಸೀಟು ಅಲ್ಲ. ಹಳೆಯ ಕಾರು ಓಡಿಸಿ ಕಲಿಯೋದು, ಸಿಮ್ಯುಲೇಟರ್‌ನಲ್ಲಿ ಗಂಟೆಗಟ್ಟಲೆ ಕೂತು ತಂಡಕ್ಕೆ ಮಾಹಿತಿ ಕೊಡೋದು, ಕಾಯೋದು. ಮುಂಬೈಯ ಜೆಹಾನ್ ದಾರುವಾಲಾ 2021 ಮತ್ತು 2022ರಲ್ಲಿ ಫಾರ್ಮುಲಾ 2ರ ಏಳನೇ ಸ್ಥಾನ ಪಡೆದವನು. ಅವನಿಗೂ ಎಫ್ 1 ಸೀಟು ಸಿಗಲಿಲ್ಲ. 2005ರಲ್ಲಿ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಕರುಣ್ ಚಾಂಧೋಕ್. ಈವರೆಗೆ ಅಲ್ಲಿ ರೇಸ್ ಓಡಿಸಿದ ಭಾರತೀಯರು ಈ ಇಬ್ಬರೇ. ಜಗತ್ತಿಗೆಲ್ಲಾ ಸೇರಿ 2025ರಲ್ಲಿ ಇದ್ದದ್ದು 20 ಸೀಟು. ಕ್ಯಾಡಿಲಾಕ್ ಬಂದು 2026ಕ್ಕೆ 22 ಆಯಿತು, ಅಷ್ಟೇ.

ನನ್ನ ಅಂದಾಜು ಕೇಳಿದರೆ, ಎಫ್ 1 ಸೀಟಿಗೆ ಒಂದು ಋತುವಾದರೂ ಮೊದಲ ಮೂರರಲ್ಲಿ ಮುಗಿಸಲೇಬೇಕು. ಅದಾಗದಿದ್ದರೂ ಕುಶ್‌ಗೆ ಕೆಲಸ ಇಲ್ಲದೆ ಹೋಗದು. ಫಾರ್ಮುಲಾ ಇ ಇದೆ, ಅಣ್ಣ ಹಿಡಿದ ಜಿಟಿ ದಾರಿ ಇದೆ.

ನಮ್ಮೂರ ಹುಡುಗರಿಗೆ ಇದರಲ್ಲಿ ಏನಿದೆ? ಹಣದ ಮಾತು ಮುಚ್ಚಿಡುವುದು ಬೇಡ. ಫಾರ್ಮುಲಾ 2ರ ಒಂದು ಋತು ಎಂದರೆ ಕೋಟಿಗಳ ಲೆಕ್ಕ, ಉದ್ಯಮಿ ಮನೆತನಕ್ಕೂ ಪ್ರಾಯೋಜಕರು ಬೇಕಾಗುತ್ತದೆ. ಆದರೆ ಮೋಟಾರ್ ಸ್ಪೋರ್ಟ್ಸ್‌ಗೆ ಅದೊಂದೇ ಬಾಗಿಲಲ್ಲ. ಕಾಸರಗೋಡಿನ ಮೂಸಾ ಶರೀಫ್‌ರನ್ನೇ ನೋಡಿ. ಅವರು ಹಿಡಿದದ್ದು ಸ್ಟಿಯರಿಂಗ್ ಅಲ್ಲ, ನೋಟ್ಸ್ ಪುಸ್ತಕ. ರ‍್ಯಾಲಿಯಲ್ಲಿ ಚಾಲಕನ ಪಕ್ಕ ಕೂತು ಮುಂದಿನ ತಿರುವು ಎಷ್ಟು ಕಡಿದು, ಎಷ್ಟು ಮೀಟರ್ ದೂರ ಅಂತ ಓದಿ ಹೇಳುವ ನ್ಯಾವಿಗೇಟರ್ ಅವರು. ಗೌರವ್ ಗಿಲ್‌ರಂಥವರ ಪಕ್ಕದಲ್ಲಿ ಕೂತು ರಾಷ್ಟ್ರೀಯ ಚಾಂಪಿಯನ್ ಆದರು. ಬೆಂಗಳೂರಿನಲ್ಲಿ ಮೆಕೊ ಕಾರ್ಟೋಪಿಯ ಎಂಬ ಕಾರ್ಟಿಂಗ್ ಟ್ರ್ಯಾಕ್ ಇದೆ. ಮೆಕೊ ಕಟ್ಟಿದವರು ಹಿರಿಯ ರೇಸರ್ ಅಕ್ಬರ್ ಇಬ್ರಾಹೀಂ. ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ ಕರಾವಳಿಯಿಂದ ಒಂದು ರಾತ್ರಿಯ ಪ್ರಯಾಣ. ಸ್ಪರ್ಧೆಗೆ ಇಳಿಯಲು ಎಫ್‌ಎಂಎಸ್‌ಸಿಐ ಲೈಸನ್ಸ್ ಬೇಕು, ಹೆಲ್ಮೆಟ್, ಬೆಂಕಿ ತಡೆಯುವ ಸೂಟ್ ಬೇಕು.

ಹೆದ್ದಾರಿಯಲ್ಲಿ ರಾತ್ರಿ ಹನ್ನೊಂದರ ಮೇಲೆ ಸೈಲೆನ್ಸರ್ ಬಿಚ್ಚಿ ಬೈಕ್ ಓಡಿಸುವವರಿಗೆ ಇದ್ಯಾವುದೂ ಬೇಡ. ಅದಕ್ಕೇ ಅದನ್ನು ಯಾರೂ ರೇಸ್ ಅಂತ ಕರೆಯುವುದಿಲ್ಲ. ಮೂಸಾ ಶರೀಫ್ ಮಾಡುವ ಕೆಲಸವನ್ನು ಕಲಿಯಲು ಬೇಕಾದದ್ದು ಓದುವ ಕಣ್ಣು, ನಡುಗದ ದನಿ, ಹೊಟ್ಟೆ ತೊಳಸದೆ ಕೂರುವ ಅಭ್ಯಾಸ. ಅದಕ್ಕೆ ಕೋಟಿ ರೂಪಾಯಿ ಖರ್ಚಿಲ್ಲ.